ಹೊಸ ಹಾಡು ಹುಡುಕುವ ದಾರಿಗಳು: ಯಾವುದು ಯಾರಿಗೆ ಸರಿ?

ಕಳೆದ ಮಳೆಗಾಲದಲ್ಲಿ ಒಂದೇ ವಾರದೊಳಗೆ ಮೂವರು ನನಗೆ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ಅಕ್ಕನ ಮಗ ಫೋನ್ ಮಾಡಿ, "ಮಾವಶಿ, ನೀ ಕಳಸೋ ಹಾಡು ನಿನಗ ಎಲ್ಲಿ ಸಿಗತಾವ? ನನ್ನ ಫೋನಿನ್ಯಾಗ ಅವ ಹಾಡು ತಿರುಗಿ ತಿರುಗಿ ಬರ್ತಾವ ನೋಡು" ಎಂದ. ಡೊಂಬಿವಲಿಯಲ್ಲಿ ನಮ್ಮ ಕಟ್ಟಡದ ಕೆಳಗೆ ಹೋಟೆಲ್ ನಡೆಸುವ ಶೆಟ್ಟರು, "ಅಕ್ಕ, ಬೆಳಿಗ್ಗೆ ಭಕ್ತಿಗೀತೆ ಮುಗಿದ ಮೇಲೆ ಹಾಕ್ಲಿಕ್ಕೆ ಏನಾದ್ರೂ ಹೊಸತು ಉಂಟಾ?" ಎಂದು ಕೇಳಿದರು. ಧಾರವಾಡದಲ್ಲಿರುವ ಅವ್ವನ ಬೇಡಿಕೆ ಬೇರೆ. ಅವಳ ಹಳೆಯ ರೇಡಿಯೊ ಕೆಟ್ಟಿತ್ತು. "ಮೊಬೈಲಿನ್ಯಾಗ ಹಾಡು ಬರೂಹಂಗ ಮಾಡಿಕೊಡು, ಆದರ ಯಾರು ಹಾಡಿದ್ರು ಅನ್ನೋದು ಹೇಳಬೇಕು ಅದು" ಎಂದಳು.

ಮೂವರಿಗೂ ಒಂದೇ ಉತ್ತರ ಹೇಳಲಾಗಲಿಲ್ಲ. ಹಾಡು ಹುಡುಕುವ ದಾರಿಗಳು ಈಗ ಬೇಕಾದಷ್ಟಿವೆ, ಮತ್ತು ಪ್ರತಿಯೊಂದೂ ಬೇರೆ ಬೇರೆ ಮಂದಿಗೆ ಒದಗುತ್ತದೆ. ನಾನು ದಿನಾ ಲೋಕಲ್ ರೈಲಿನಲ್ಲಿ ಮುಂಬೈಯ ಫೋರ್ಟ್ ಕಡೆಗೆ ಹೋಗಿಬರುವವಳು. ಹೋಗಲು ಒಂದು ಗಂಟೆಯ ಮೇಲೆ, ಬರಲೂ ಅಷ್ಟೇ. ಅಷ್ಟು ಹೊತ್ತು ಕಿವಿಗೆ ಬೇರೆ ಕೆಲಸವಿಲ್ಲದ್ದರಿಂದ ಈ ದಾರಿಗಳನ್ನೆಲ್ಲ ಒಂದೊಂದಾಗಿ ಬಳಸಿ ನೋಡಿದ್ದೇನೆ. ನನಗೆ ಕಂಡದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಏನನ್ನು ನೋಡಿ ಆರಿಸಬೇಕು

ನಾನು ಮೊದಲು ನೋಡುವುದು ಹಾಡಿನ ವಿಳಾಸ. ಹಾಡಿದವರು ಯಾರು, ಯಾವ ಊರು, ಯಾವ ವರ್ಷ, ಪದ ಯಾರದು, ಜತೆಗೆ ನುಡಿಸಿದವರು ಯಾರು ಎಂಬುದೆಲ್ಲ ಸೇರಿ ನನ್ನ ಮಟ್ಟಿಗೆ ವಿಳಾಸ. ಕೆಲವು ವರ್ಷಗಳ ಹಿಂದೆ ವಾಟ್ಸಾಪ್‌ನಲ್ಲಿ ಒಂದು ತುಣುಕು ಬಂತು. ಏಕತಾರಿ ಹಿಡಿದ ವಯಸ್ಸಾದ ಹೆಂಗಸಿನ ದನಿ, ಒಂದು ನಿಮಿಷ ಚಿಲ್ಲರೆ. ಮೇಲೆ ಕೈಮುಗಿದ ಚಿತ್ರ ಬಿಟ್ಟರೆ ಬೇರೇನೂ ಇಲ್ಲ. ಕಳಿಸಿದವರನ್ನು ಕೇಳಿದೆ, ಅವರಿಗೆ ಕಳಿಸಿದವರನ್ನು ಕೇಳಿಸಿದೆ, ಸಿಗಲಿಲ್ಲ. ಹಾಡು ಕೇಳಿ ಹೆಸರು ಹೇಳುವ ಶಝಾಮ್ ಆ್ಯಪ್‌ಗೆ ಹಿಡಿದೆ, ಅದಕ್ಕೂ ತಿಳಿಯಲಿಲ್ಲ. ಶಝಾಮ್ ಕೆಲಸ ಮಾಡುವುದು ಹೆಬ್ಬೆರಳಿನ ಗುರುತು ಹೊಂದಿಸಿದ ಹಾಗೆ. ಅದರ ಸಂಗ್ರಹದಲ್ಲಿರುವ ಅದೇ ಧ್ವನಿಮುದ್ರಣ ಎದುರಾದರೆ ಮಾತ್ರ ಹೆಸರು ಹೇಳುತ್ತದೆ. ಅದೇ ಹಾಡನ್ನು ಅದೇ ಗಾಯಕಿ ಮನೆಯಲ್ಲಿ ಕೂತು ಹಾಡಿದರೆ ಗುರುತು ಸಿಗದು. ಗುನುಗಿ ಹುಡುಕುವ ಸೌಲಭ್ಯವನ್ನು ಗೂಗಲ್ 2020ರಲ್ಲಿ ತಂದಿತು. ಅದು ಧಾಟಿಯನ್ನು ಹೊಂದಿಸಿ ನೋಡುತ್ತದೆ, ಆದರೆ ಹೆಸರಾದ ಹಾಡುಗಳಿಗೇ ಹೆಚ್ಚು ಉಪಯೋಗ. ಆ ತುಣುಕು ಇನ್ನೂ ನನ್ನ ಫೋನಿನಲ್ಲಿ ಹೆಸರಿಲ್ಲದೆ ಉಳಿದಿದೆ. ಆ ತಾಯಿಯ ಇನ್ನೊಂದು ಹಾಡು ಕೇಳಬೇಕೆಂದರೆ ನನಗೆ ದಾರಿಯಿಲ್ಲ. ಅಂದಿನಿಂದ ಹಾಡಿನ ಜತೆ ವಿಳಾಸ ಕೊಡುವ ದಾರಿಗೆ ನಾನು ಒಂದು ತೂಕ ಹೆಚ್ಚು ಕೊಡುತ್ತೇನೆ.

ಎರಡನೆಯದಾಗಿ, ಆ ದಾರಿ ನಾನು ಈಗಾಗಲೇ ಇಷ್ಟಪಟ್ಟದ್ದರ ಸುತ್ತಲೇ ಸುತ್ತಿಸುತ್ತದೆಯೋ, ನಾನು ಕೇಳಿಯೇ ಇರದ ಊರಿಗೆ ಒಯ್ಯುತ್ತದೆಯೋ ಎಂದು ನೋಡುತ್ತೇನೆ. ಆಮೇಲೆ ಖರ್ಚು. ಇದರಲ್ಲಿ ರೂಪಾಯಿ, ಡೇಟಾ, ಸಮಯ ಮೂರೂ ಸೇರುತ್ತವೆ. ಡೇಟಾದ ಲೆಕ್ಕ ಸುಲಭ: 128 ಕೆಬಿಪಿಎಸ್ ಗುಣಮಟ್ಟದಲ್ಲಿ ಒಂದು ಗಂಟೆ ಕೇಳಿದರೆ ಸುಮಾರು 58 ಎಂಬಿ, 320ರಲ್ಲಿ ಸುಮಾರು 144 ಎಂಬಿ. ದಿನಕ್ಕೆ ಎರಡು ಗಂಟೆಯಂತೆ ತಿಂಗಳಿಗೆ 25 ದಿನ ಕೇಳಿದರೆ 128ರಲ್ಲಿ ಮೂರು ಜಿಬಿ ಒಳಗೇ ಮುಗಿಯುತ್ತದೆ. ವಿಡಿಯೊ ನೋಡುತ್ತ ಕೇಳಿದರೆ ಅದರ ಹಲವು ಪಟ್ಟು. ಕೊನೆಗೆ ಇನ್ನೆರಡು ಪ್ರಶ್ನೆ: ನಾನು ಕೊಟ್ಟ ದುಡ್ಡು ಹಾಡಿದವರನ್ನು ಮುಟ್ಟುತ್ತದೆಯೇ, ಸಿಕ್ಕ ಹಾಡನ್ನು ಇನ್ನೊಬ್ಬರಿಗೆ ಕಳಿಸಿದರೆ ಅವರ ಫೋನಿನಲ್ಲಿ ಅದು ತೆರೆಯುತ್ತದೆಯೇ? ಅವ್ವನಿಗೆ ಲಿಂಕ್ ಕಳಿಸಿ, ಅದು ಲಾಗಿನ್ ಕೇಳಿತೆಂದರೆ ಆ ಹಾಡು ಅಲ್ಲಿಗೇ ಮುಗಿಯಿತು.

ಆ್ಯಪ್ ತಾನಾಗಿ ಕೊಡುವ ಹಾಡು

ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರಲ್ಲಿ. ಅದರ 'ಡಿಸ್ಕವರ್ ವೀಕ್ಲಿ' ಪಟ್ಟಿ 2015ರಲ್ಲಿ ಶುರುವಾದದ್ದು, ಪ್ರತಿ ಸೋಮವಾರ 30 ಹಾಡು. ಯೂಟ್ಯೂಬ್ ಮ್ಯೂಸಿಕ್, ಜಿಯೊಸಾವನ್ ಎಲ್ಲದರಲ್ಲೂ ಇಂಥದ್ದು ಒಂದಿಲ್ಲೊಂದು ಇದೆ. ಒಳಗಿನ ಉಪಾಯ ಸರಳ. ನೀವು ಕೇಳುವ ಹಾಡುಗಳನ್ನೇ ಕೇಳುವ ಬೇರೆಯವರು ಇನ್ನೇನು ಕೇಳುತ್ತಾರೆ, ಯಾವ ಹಾಡಿನ ಪಕ್ಕ ಯಾವ ಹಾಡನ್ನು ಪಟ್ಟಿಯಲ್ಲಿ ಇಟ್ಟಿದ್ದಾರೆ ಎಂದು ನೋಡಿ, ನೀವಿನ್ನೂ ಕೇಳದ್ದನ್ನು ಎತ್ತಿ ಕೊಡುತ್ತದೆ.

ಶ್ರಮವೇ ಇಲ್ಲ ಎಂಬುದು ಇದರ ದೊಡ್ಡ ಗುಣ. ಬೆಳಗಿನ ಗರ್ದಿಯಲ್ಲಿ ಒಂದು ಕೈ ಮೇಲಿನ ಹಿಡಿಯಲ್ಲಿ, ಒಂದು ಕೈ ಚೀಲದ ಮೇಲೆ ಇರುವಾಗ ಬೆರಳಾಡಿಸಿ ಹುಡುಕಲು ಆಗುವುದಿಲ್ಲ. ಮೊದಲೇ ಇಳಿಸಿಟ್ಟುಕೊಂಡರೆ ಮೆಟ್ರೊ ನೆಲದಡಿಗೆ ಇಳಿದಾಗಲೂ ಹಾಡು ನಿಲ್ಲುವುದಿಲ್ಲ. ಹಿಂದಿ, ಇಂಗ್ಲಿಷ್, ತಮಿಳು ಕೇಳುವವರಿಗೆ ಒಳ್ಳೆಯ ಹೊಸ ಹೆಸರುಗಳು ಸಿಗುತ್ತವೆ.

ಕನ್ನಡ ಕೇಳುವವರಿಗೆ ಅಷ್ಟು ಹೊಂದುವುದಿಲ್ಲ ಎಂಬುದು ನನ್ನ ಅನುಭವ. ಭಾವಗೀತೆ ಕೇಳಿದರೆ ಅದೇ ಹತ್ತು ಭಾವಗೀತೆ, ಸಿನಿಮಾ ಹಾಡು ಕೇಳಿದರೆ ಅದೇ ಮೂರು ವರ್ಷದ ಸಿನಿಮಾ. ಅಕ್ಕನ ಮಗ ಹೇಳಿದ್ದು ಇದನ್ನೇ. ಮನೆಯಲ್ಲಿ ಒಂದೇ ಖಾತೆಯನ್ನು ಎಲ್ಲರೂ ಬಳಸಿದರೆ ಮಗುವಿನ ಶಿಶುಗೀತೆಯೂ ನಿಮ್ಮ ಸೋಮವಾರದ ಪಟ್ಟಿಗೆ ಬರುತ್ತದೆ. ಮಗುವಿನ ಹಾಡಿನ ಪಟ್ಟಿಯನ್ನು ನಿಮ್ಮ ರುಚಿಯ ಲೆಕ್ಕದಿಂದ ಹೊರಗಿಡುವ ಆಯ್ಕೆ ಸ್ಪಾಟಿಫೈನಲ್ಲಿದೆ, ಅದನ್ನು ಬಳಸಿ. ವಿಳಾಸದ ವಿಷಯದಲ್ಲಂತೂ ತೀರಾ ಬಡವು. ಶಾಸ್ತ್ರೀಯ ಸಂಗೀತದಲ್ಲಿ ತಬಲಾ ಯಾರದು, ಹಾರ್ಮೋನಿಯಂ ಯಾರದು, ಯಾವ ವರ್ಷದ ಬೈಠಕ್ ಎಂಬುದು ಬಹುಪಾಲು ಕಾಣುವುದೇ ಇಲ್ಲ. ವಚನ ಕೇಳಿದರೆ ವಚನಕಾರರ ಹೆಸರೂ ಇರುವುದಿಲ್ಲ ಎಷ್ಟೋ ಸಲ.

ದುಡ್ಡಿನ ಮಾತು. ತಿಂಗಳ ಚಂದಾ ಒಂದು ಊಟದ ಖರ್ಚಿನಷ್ಟು, ಜಾಹೀರಾತು ಸಹಿಸಿದರೆ ಅದೂ ಇಲ್ಲ. ಆದರೆ ಸಣ್ಣ ಗಾಯಕರಿಗೆ ತಲುಪುವುದು ಕಡಿಮೆ. 2024ರಿಂದ ಸ್ಪಾಟಿಫೈನಲ್ಲಿ ಹನ್ನೆರಡು ತಿಂಗಳಲ್ಲಿ ಸಾವಿರ ಸಲವೂ ಕೇಳಿಸಿಕೊಳ್ಳದ ಹಾಡಿಗೆ ಗೌರವಧನವೇ ಇಲ್ಲ. ಹೊಸ ಹಾಡುಗಾರರ ಮೊದಲ ವರ್ಷ ಹೇಗಿರುತ್ತದೆ ಎಂದು ಗೊತ್ತಿರುವವರಿಗೆ ಇದು ಸಣ್ಣ ಸಂಗತಿಯಲ್ಲ.

ಯೂಟ್ಯೂಬ್ ಎಂಬ ಅಟ್ಟ

ನಮ್ಮ ಕಡೆಯ ಮನೆಗಳಲ್ಲಿ ಅಟ್ಟದ ಮೇಲೆ ಎಲ್ಲ ಇರುತ್ತಿತ್ತು. ಬೇಕಾದದ್ದು ಸಿಗಲು ಹೊತ್ತು ಹಿಡಿಯುತ್ತಿತ್ತು, ಬೇಡವೆಂದುಕೊಂಡದ್ದು ಕೈಗೆ ಬಂದು ಖುಷಿ ಕೊಡುತ್ತಿತ್ತು. ಯೂಟ್ಯೂಬ್ ಹಾಗೆ. ಯಾರದೋ ಮನೆಯ ಕ್ಯಾಸೆಟ್, ಯಾವುದೋ ಜಾತ್ರೆಯ ಭಜನಾ ಪದ, ಸಿಯಾಟಲ್‌ನ ಕೆಇಎಕ್ಸ್‌ಪಿ ರೇಡಿಯೊದ ಸ್ಟುಡಿಯೊ ಕಛೇರಿ, ಅಮೆರಿಕದ ಎನ್‌ಪಿಆರ್ ರೇಡಿಯೊ 2008ರಿಂದ ಒಂದು ಕಚೇರಿಯ ಮೇಜಿನ ಹಿಂದೆ ನಿಲ್ಲಿಸಿ ಹಾಡಿಸುತ್ತಿರುವ ಪುಟ್ಟ ಕಾರ್ಯಕ್ರಮಗಳು, ಎಲ್ಲವೂ ಒಂದೇ ಕಡೆ.

ಕನ್ನಡದ ಹೊಸ ದನಿಗಳನ್ನು ಹುಡುಕಲು ನನಗೆ ಇದೇ ಹೆಚ್ಚು ಒದಗಿದೆ. ಕಬೀರರನ್ನೂ ನಮ್ಮ ಪದಗಳನ್ನೂ ಒಂದೇ ಉಸಿರಿನಲ್ಲಿ ಹಾಡಬಲ್ಲ ಬಿಂದುಮಾಲಿನಿ, ಉತ್ತರ ಕರ್ನಾಟಕದ ಯಲ್ಲಮ್ಮನ ಪದಗಳನ್ನು ಜೋಗತಿಯರಿಂದ ಕಲಿತು ಅವರ ಜತೆಯಲ್ಲೇ ಹಾಡುವ ಶಿಲ್ಪಾ ಮುಡಬಿ, ಇವರನ್ನು ನಾನು ಮೊದಲು ಕೇಳಿದ್ದು ಇಲ್ಲಿ. ಬೆಂಗಳೂರಿನ ಕನ್ನಡ ರ‍್ಯಾಪ್ ಕೂಡ. ಮುಂಬೈಯ ಗಲ್ಲಿ ರ‍್ಯಾಪ್ ಕೇಳಿ ಬೆಳೆದ ಹುಡುಗರಿಗೆ ಅದನ್ನು ಕೇಳಿಸಿ, ತಮ್ಮ ಮನೆಮಾತಿಗೂ ಆ ವೇಗವಿದೆ ಎಂದು ಅವರ ಮುಖ ಅರಳುತ್ತದೆ.

ಉಪಾಯ ಒಂದಿದೆ. ಬದಿಯಲ್ಲಿ ಅದು ತೋರಿಸುವ ಮುಂದಿನ ವಿಡಿಯೊ ಒತ್ತಬೇಡಿ. ಇಷ್ಟವಾದ ಹಾಡನ್ನು ಹಾಕಿದವರ ಚಾನೆಲ್ ತೆರೆದು, ಅವರು ಇನ್ನೇನು ಹಾಕಿದ್ದಾರೆ ಎಂದು ಹಳೆಯದರಿಂದ ನೋಡಿಕೊಂಡು ಬನ್ನಿ. ತಮ್ಮ ಅಪ್ಪನ ಕ್ಯಾಸೆಟ್‌ಗಳನ್ನು ಒಂದೊಂದಾಗಿ ಏರಿಸುವ ಮಗನೋ ಮಗಳೋ ಅಲ್ಲಿ ಸಿಗುತ್ತಾರೆ. ಅವರು ಕೆಳಗೆ ಬರೆದ ವಿವರ ಓದಿ. ಇಂಥ ಕಡೆ ಪ್ರತಿಕ್ರಿಯೆಗಳನ್ನೂ ಓದಬೇಕು. "ಆ ದಿನ ನಾನು ಮೂರನೇ ಸಾಲಿನಲ್ಲಿದ್ದೆ, ಇದು ಮಿರಜದ ಬೈಠಕ್" ಎಂದು ಯಾರೋ ಹಿರಿಯರು ಬರೆದಿರುತ್ತಾರೆ. ನನಗೆ ಎಷ್ಟೋ ಹಾಡಿನ ವಿಳಾಸ ಸಿಕ್ಕಿದ್ದು ಅಂಥವರಿಂದ.

ತೊಂದರೆಗಳೂ ಇವೆ. ತಪ್ಪು ಹೆಸರು ಹಾಕಿದ ಹಾಡು ಬೇಕಾದಷ್ಟು. ಒಬ್ಬರ ಗಾಯನಕ್ಕೆ ಇನ್ನೊಬ್ಬರ ಚಿತ್ರ. ಈಗ ಯಂತ್ರ ಹೆಣೆದ ಹಾಡುಗಳೂ ಸೇರಿಕೊಂಡಿವೆ, ಚಾನೆಲ್ಲಿನಲ್ಲಿ ಒಬ್ಬ ಮನುಷ್ಯನ ಹೆಸರೂ ಇಲ್ಲದಿದ್ದರೆ ಅನುಮಾನಿಸಿ. ಚಂದಾ ಇಲ್ಲದೆ ಪರದೆ ಆರಿಸಿ ಕೇಳಲಾಗದು, ಡೇಟಾವೂ ಹೆಚ್ಚು. ಮನೆಯ ವೈಫೈನಲ್ಲಿ ರಾತ್ರಿ ಹುಡುಕಿ ಪಟ್ಟಿ ಮಾಡಿಕೊಳ್ಳುವುದು ಮೇಲು. ಕಳಿಸಲು ಮಾತ್ರ ಇದರಷ್ಟು ಸುಲಭ ಇನ್ನೊಂದಿಲ್ಲ. ಯಾರ ಫೋನಿನಲ್ಲಾದರೂ ತೆರೆಯುತ್ತದೆ.

ಭೂಮಿ ತಿರುಗಿಸುವ ರೇಡಿಯೊ, ಹೆಸರು ಹೇಳುವ ರೇಡಿಯೊ

2016ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಹುಟ್ಟಿದ 'ರೇಡಿಯೊ ಗಾರ್ಡನ್' ನಾನು ಅಂತರ್ಜಾಲದಲ್ಲಿ ಕಂಡ ಅತ್ಯಂತ ಚೆಂದದ ವಸ್ತುಗಳಲ್ಲಿ ಒಂದು. ಪರದೆಯ ಮೇಲೆ ಭೂಗೋಳ, ಅದರ ತುಂಬ ಹಸಿರು ಚುಕ್ಕೆ. ಒಂದೊಂದು ಚುಕ್ಕೆಯೂ ಒಂದೂರು. ಬೆರಳಿಂದ ತಿರುಗಿಸಿ ನಿಲ್ಲಿಸಿದರೆ ಆ ಊರಿನ ರೇಡಿಯೊದಲ್ಲಿ ಈ ಕ್ಷಣ ಏನು ಬರುತ್ತಿದೆಯೋ ಅದು ಕೇಳುತ್ತದೆ. ದುಡ್ಡಿಲ್ಲ, ಲಾಗಿನ್ ಇಲ್ಲ.

ಒಂದು ಸಂಜೆ ದಾದರ್ ದಾಟುವಾಗ ಅಡಿಸ್ ಅಬಾಬಾದ ಮೇಲೆ ಬೆರಳಿಟ್ಟೆ. ಅಲ್ಲಿ ನಮಗಿಂತ ಎರಡೂವರೆ ಗಂಟೆ ಹಿಂದೆ. ಗಂಡಸೊಬ್ಬ ನಿಧಾನವಾಗಿ ಹಾಡುತ್ತಿದ್ದ. ಎರಡು ಸಾಲು ಕೇಳುವಷ್ಟರಲ್ಲಿ ನನ್ನ ಬಾಯಿ ತಾನಾಗಿ ಸ ರಿ ಗ ಪ ದ ಎನ್ನತೊಡಗಿತು. ಮೋಹನ ರಾಗವೇ! ಹಿಂದೂಸ್ತಾನಿಯಲ್ಲಿ ಕಲಿತವರಿಗೆ ಭೂಪ. ಮನೆಗೆ ಬಂದು ಓದಿದೆ. ಇಥಿಯೋಪಿಯದ ಸಂಗೀತದಲ್ಲಿ 'ಟಿಝಿತಾ' ಎಂಬ ಐದು ಸ್ವರದ ಧಾಟಿಯಿದೆ, ಅದರ ಒಂದು ರೂಪ ನಮ್ಮ ಮೋಹನದ ಸ್ವರಗಳೇ. ಟಿಝಿತಾ ಎಂದರೆ ಅವರ ಮಾತಿನಲ್ಲಿ ನೆನಪು, ಕಳೆದುದರ ಹಂಬಲ. ಊರು ಬಿಟ್ಟು ಬಂದ ನಮ್ಮಂಥವರಿಗೆ ಆ ಪದ ತಟ್ಟುತ್ತದೆ. ಯಾವ ಆ್ಯಪಿನ ಸೋಮವಾರದ ಪಟ್ಟಿಯೂ ನನ್ನನ್ನು ಅಲ್ಲಿಗೆ ಒಯ್ದಿರಲಿಲ್ಲ, ಏಕೆಂದರೆ ನನ್ನ ಹಾಗೆ ಕೇಳುವವರು ಅಲ್ಲಿಗೆ ಹೋಗಿರಲಿಲ್ಲ.

ಅಚ್ಚರಿಯಲ್ಲಿ ರೇಡಿಯೊ ಗಾರ್ಡನ್‌ಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ವಿಳಾಸ ಮಾತ್ರ ಅರ್ಧ: ಊರೂ ಕೇಂದ್ರದ ಹೆಸರೂ ಕಾಣುತ್ತದೆ, ಹಾಡಿನದಿಲ್ಲ. ಉದ್ಘೋಷಕರು ಹೇಳಿದರೂ ನಮಗೆ ಅಮ್ಹಾರಿಕ್ ತಿಳಿಯದು. ಹಾಡು ಹಿಡಿಸಿದ ಕೂಡಲೇ ಪಕ್ಕದ ಫೋನಿನಲ್ಲಿ ಶಝಾಮ್ ಹಿಡಿಯಬೇಕು. ರೇಡಿಯೊ ಹಾಕುವುದು ಬಿಡುಗಡೆಯಾದ ಧ್ವನಿಮುದ್ರಣವನ್ನೇ ಆದ್ದರಿಂದ ಇಲ್ಲಿ ಅದು ಸಾಕಷ್ಟು ಸಲ ಗೆಲ್ಲುತ್ತದೆ. ತಪ್ಪಿದರೆ ತಪ್ಪಿತು, ಹಿಂದಕ್ಕೆ ತಿರುಗಿಸಲು ಬರುವುದಿಲ್ಲ.

ಇನ್ನು ನಮ್ಮ ಆಕಾಶವಾಣಿ. 'ನ್ಯೂಸ್ ಆನ್ ಏರ್' ಆ್ಯಪ್ ಹಾಕಿಕೊಂಡರೆ ದೇಶದ ಉದ್ದಗಲದ ಕೇಂದ್ರಗಳು ಕೈಗೆ ಬರುತ್ತವೆ. ಮುಂಬೈಯಲ್ಲಿ ಕೂತು ಧಾರವಾಡ ಕೇಳಬಹುದು, ಬೆಂಗಳೂರು, ಮಂಗಳೂರು ಕೇಳಬಹುದು. 2016ರ ಗಣರಾಜ್ಯೋತ್ಸವದಂದು ಶುರುವಾದ 'ರಾಗಂ' ಇಡೀ ದಿನ ಶಾಸ್ತ್ರೀಯ ಸಂಗೀತವನ್ನೇ ಬಿತ್ತರಿಸುತ್ತದೆ, ಹಿಂದೂಸ್ತಾನಿಯೂ ಕರ್ನಾಟಕಿಯೂ. ಧಾರವಾಡ ಕೇಂದ್ರ 1950ರದ್ದು, ಮಲ್ಲಿಕಾರ್ಜುನ ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಆಕಾಶವಾಣಿಯ ಉದ್ಘೋಷಣೆಯನ್ನು ನಾನು ಪ್ರೀತಿಯಿಂದ ಕೇಳುತ್ತೇನೆ. ಗಾಯನ ಯಾರದು, ರಾಗ ಯಾವುದು, ವಿಲಂಬಿತ ಯಾವ ತಾಲದಲ್ಲಿ, ತಬಲಾ ಸಾಥ್ ಯಾರು, ಹಾರ್ಮೋನಿಯಂ ಯಾರು, ಎಲ್ಲವನ್ನೂ ಮನುಷ್ಯರೊಬ್ಬರು ಬಾಯಿಬಿಟ್ಟು ಹೇಳುತ್ತಾರೆ. ಅವ್ವ ಕೇಳಿದ್ದು ಅದನ್ನೇ.

ದುಡ್ಡು ಕೊಟ್ಟು ಕೊಳ್ಳುವ ಅಂಗಡಿ

ಬ್ಯಾಂಡ್‌ಕ್ಯಾಂಪ್ ಎಂಬ ಅಂತರ್ಜಾಲದ ಅಂಗಡಿಯ ಬಗ್ಗೆ ಮಾತಾಡದೆ ಈ ಬರಹ ಪೂರ್ತಿಯಾಗದು. ಅಲ್ಲಿ ಹಾಡುಗಾರರೂ ಸಣ್ಣ ಕಂಪನಿಗಳೂ ತಾವೇ ಆಲ್ಬಂ ಇಟ್ಟು ತಾವೇ ಬೆಲೆ ಹೇಳುತ್ತಾರೆ. ಕೊಳ್ಳುವ ಮೊದಲು ಸಾಮಾನ್ಯವಾಗಿ ಪೂರ್ತಿ ಕೇಳಬಹುದು. ಕೊಂಡರೆ ಫೈಲ್ ನಿಮ್ಮದೇ, ನೆಟ್ ಇಲ್ಲದಿದ್ದರೂ ಇರುತ್ತದೆ, ಅಂಗಡಿ ಮುಚ್ಚಿದರೂ ಇರುತ್ತದೆ. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಶೇ. 15, ಉಳಿದದ್ದರಲ್ಲಿ ಪಾವತಿಯ ಶುಲ್ಕ ಹೋಗಿ ಹಾಡಿದವರ ಕಡೆಗೆ. 2020ರಿಂದ ಕೆಲವು ತಿಂಗಳ ಮೊದಲ ಶುಕ್ರವಾರಗಳಂದು ಆ ಪಾಲನ್ನೂ ಬಿಟ್ಟುಕೊಡುವ ಪದ್ಧತಿ ಇದೆ. ಕೊಳ್ಳುವುದಿದ್ದರೆ ಅಂಥ ದಿನ ನೋಡಿಕೊಂಡು ಕೊಳ್ಳುತ್ತೇನೆ.

ವಿಳಾಸ ಇಲ್ಲಿ ಧಾರಾಳ. ಟಿಝಿತಾದ ಜಾಡು ಹಿಡಿದು ಹೋದಾಗ ನನಗೆ ಹೈಲು ಮರ್ಗಿಯ ಸಿಕ್ಕಿದರು. ಅಡಿಸ್ ಅಬಾಬಾದ ವಾಲಿಯಾಸ್ ಬ್ಯಾಂಡಿನ ಕೀಬೋರ್ಡ್ ವಾದಕರು. 1981ರಲ್ಲಿ ಅಮೆರಿಕಕ್ಕೆ ಕಾರ್ಯಕ್ರಮ ಕೊಡಲು ಹೋದವರು ಅಲ್ಲೇ ಉಳಿದರು. 1985ರಲ್ಲಿ ಅಕಾರ್ಡಿಯನ್ ಮತ್ತು ಕೀಬೋರ್ಡ್ ಬಳಸಿ ಒಂಟಿಯಾಗಿ ಒಂದು ಕ್ಯಾಸೆಟ್ ಮಾಡಿದರು. ಆಮೇಲೆ ವಾಷಿಂಗ್ಟನ್‌ನಲ್ಲಿ ವರ್ಷಗಟ್ಟಲೆ ಟ್ಯಾಕ್ಸಿ ಓಡಿಸಿದರು. ವಿಮಾನನಿಲ್ದಾಣದಲ್ಲಿ ಗಿರಾಕಿಗಾಗಿ ಕಾಯುವ ಹೊತ್ತಿನಲ್ಲಿ ಡಿಕ್ಕಿಯಲ್ಲಿಟ್ಟ ಕೀಬೋರ್ಡ್ ತೆಗೆದು ಹಿಂದಿನ ಸೀಟಿನಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರು. ಆಫ್ರಿಕದ ಹಳೆಯ ಕ್ಯಾಸೆಟ್‌ಗಳನ್ನು ಹುಡುಕಿ ಹೊರತರುವ ಒಂದು ಸಣ್ಣ ಸಂಸ್ಥೆ ಆ ಕ್ಯಾಸೆಟ್ಟನ್ನು 2013ರಲ್ಲಿ ಮತ್ತೆ ಬಿಡುಗಡೆ ಮಾಡಿತು, ಅವರು ಮತ್ತೆ ವೇದಿಕೆ ಏರಿದರು. ಇದು ಗೊತ್ತಾದ ಮೇಲೆ ಸಿಎಸ್‌ಎಂಟಿ ರೈಲುನಿಲ್ದಾಣದ ಹೊರಗೆ ಕಾಯುತ್ತ ಕೂತ ಟ್ಯಾಕ್ಸಿ ಚಾಲಕರು ಯಾರಾದರೂ ಗುನುಗುತ್ತಿದ್ದರೆ ನನ್ನ ಹೆಜ್ಜೆ ನಿಧಾನವಾಗುತ್ತದೆ.

ಸಹೇಲ್ ಸೌಂಡ್ಸ್ ಎಂಬ ಇನ್ನೊಂದು ಸಂಸ್ಥೆಯೂ ಅಲ್ಲಿದೆ. ಸಹಾರಾದ ಅಂಚಿನ ಊರುಗಳಲ್ಲಿ ಜನ ಒಬ್ಬರ ಮೊಬೈಲಿಂದ ಒಬ್ಬರ ಮೊಬೈಲಿಗೆ ಬ್ಲೂಟೂತ್‌ನಲ್ಲಿ, ಮೆಮೊರಿ ಕಾರ್ಡಿನಲ್ಲಿ ಹಂಚಿಕೊಳ್ಳುತ್ತಿದ್ದ ಹಾಡುಗಳನ್ನು ಕೂಡಿಸಿ, ಹಾಡಿದವರನ್ನು ಹುಡುಕಿ ಅವರೊಂದಿಗೆ ಮಾತಾಡಿ ಹೊರತಂದವರು. ನೈಜರ್‌ನ ಎಡಗೈ ಗಿಟಾರ್ ವಾದಕ ಎಮ್ಡು ಮೊಕ್ತಾರ್ ಹೊರಜಗತ್ತಿಗೆ ಪರಿಚಯವಾದದ್ದು ಹೀಗೆ. ಮೊದಲ ಗಿಟಾರನ್ನು ತಾವೇ ಮಾಡಿಕೊಂಡು ಅದಕ್ಕೆ ಸೈಕಲ್ಲಿನ ಬ್ರೇಕ್ ತಂತಿ ಕಟ್ಟಿದವರು ಅವರು. ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿ ಕೊಟ್ಟು ಕಾರ್ಡಿಗೆ ಹಾಡು ತುಂಬಿಸಿಕೊಂಡು ಬಸ್ಸು ಹತ್ತಿದ್ದು ನಿಮಗೂ ನೆನಪಿರಬಹುದು. ಆ ಕಾರ್ಡುಗಳಲ್ಲಿದ್ದ ಜಾನಪದ ಹಾಡುಗಳನ್ನು ಹಾಡಿದವರ ಹೆಸರು ಹಿಡಿದು ಯಾರಾದರೂ ಹೀಗೆ ಹೊರಟಿದ್ದರೆ ಎಂದು ನನಗೆ ಆಗಾಗ ಸಂಕಟವಾಗುತ್ತದೆ.

ಬ್ಯಾಂಡ್‌ಕ್ಯಾಂಪಿನ ಅಡ್ಡಿ ಎಂದರೆ, ಬೆಲೆ ಡಾಲರಿನಲ್ಲಿ. ವಿದೇಶಿ ಪಾವತಿಗೆ ತೆರೆದಿಟ್ಟ ಕಾರ್ಡ್ ಬೇಕು, ಅದರ ಮೇಲೆ ಬ್ಯಾಂಕಿನ ಶುಲ್ಕ ಬೇರೆ. ಕನ್ನಡದ ಸಂಗೀತ ಅಲ್ಲಿ ತೀರಾ ಕಡಿಮೆ. ತಿಂಗಳಿಗೆ ಐನೂರು ರೂಪಾಯಿ ಹಾಡಿಗೆಂದು ಎತ್ತಿಡಲು ಆಗುವವರಿಗೆ, ಒಂದು ಆಲ್ಬಮ್ಮನ್ನು ತಿಂಗಳೆಲ್ಲ ಕೇಳುವ ತಾಳ್ಮೆಯವರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಹಳೆಯದರಲ್ಲಿ ಹೊಸತು

ನಾನು ಕೇಳದ್ದೆಲ್ಲ ನನಗೆ ಹೊಸತೇ. ಹಾಗಾಗಿ ಇಂಟರ್‌ನೆಟ್ ಆರ್ಕೈವ್ ನನ್ನ ಪಟ್ಟಿಯಲ್ಲಿ ಮೇಲಿದೆ. 1996ರಿಂದ ನಡೆಯುತ್ತಿರುವ ಈ ಸಂಗ್ರಹದಲ್ಲಿ 78 ಆರ್‌ಪಿಎಂ ಗ್ರಾಮಫೋನ್ ಪ್ಲೇಟುಗಳ ದೊಡ್ಡ ರಾಶಿಯೇ ಇದೆ. ಒಂದು ಬದಿಗೆ ಮೂರು, ಮೂರೂವರೆ ನಿಮಿಷ. ಗಂಟೆಗಟ್ಟಲೆ ರಾಗ ಬೆಳೆಸುತ್ತಿದ್ದವರು ಅಷ್ಟರಲ್ಲೇ ಇಡೀ ಚಿತ್ರ ಬಿಡಿಸಿ ಮುಗಿಸಬೇಕಿತ್ತು. ಆ ಪ್ಲೇಟುಗಳಿಂದಲೇ ಎಷ್ಟು ದೂರ ಹೋಗಬಹುದು ನೋಡಿ. ಗದಗಿನ ಹುಡುಗ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಜಿಂಝೋಟಿ ರಾಗದ ಠುಮ್ರಿಯನ್ನು ಪ್ಲೇಟಿನಲ್ಲಿ ಕೇಳಿ, 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟರು. ಊರೂರು ಅಲೆದು ಕೊನೆಗೆ ಸಿಕ್ಕ ಗುರು ಕುಂದಗೋಳದ ಸವಾಯಿ ಗಂಧರ್ವರು, ಅದೇ ಕರೀಂ ಖಾನರ ಶಿಷ್ಯರು.

ಆರ್ಕೈವಿನಲ್ಲಿ ಹುಡುಕುವುದು ಮಾತ್ರ ಸಲೀಸಲ್ಲ. ಒಂದೇ ಹೆಸರನ್ನು ನಾಲ್ಕು ಬಗೆಯ ಇಂಗ್ಲಿಷ್ ಕಾಗುಣಿತದಲ್ಲಿ ಹಾಕಿ ನೋಡಬೇಕು, ಕರಕರ ಸದ್ದಿಗೆ ಕಿವಿ ಒಗ್ಗಬೇಕು. ರವಿವಾರ ಮಧ್ಯಾಹ್ನದ ಕೆಲಸ ಅದು, ಲೋಕಲ್‌ನದಲ್ಲ. ಹಂಚಿಕೊಳ್ಳುವವರಿಗೆ ಒಂದು ಅನುಕೂಲವಿದೆ: ಭಾರತದ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ನಂತರದ ಕ್ಯಾಲೆಂಡರ್ ವರ್ಷದಿಂದ 60 ವರ್ಷ. ಹೀಗಾಗಿ 1930ರ ದಶಕದ ಪ್ಲೇಟಿನ ಧ್ವನಿಮುದ್ರಣದ ಮೇಲೆ ಇಲ್ಲಿ ಆ ಹಕ್ಕು ಉಳಿದಿಲ್ಲ.

ಇದರ ಪಕ್ಕದಲ್ಲೇ 'ಅಜಬ್ ಶಹರ್' ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ನೆಲೆಯಾದ ಕಬೀರ್ ಪ್ರಾಜೆಕ್ಟ್‌ನವರು ಕಟ್ಟಿದ ತಾಣ. ಕಬೀರ, ಮೀರಾ, ಬಾವುಲ್, ಶಾಹ್ ಲತೀಫ್ ಪದಗಳನ್ನು ಮಾಳವ, ರಾಜಸ್ಥಾನ, ಕಛ್, ಬಂಗಾಳದ ಹಳ್ಳಿಗಳ ಹಾಡುಗಾರರ ದನಿಯಲ್ಲೇ ಇಟ್ಟಿದ್ದಾರೆ. ಹಾಡಿನ ಜತೆ ಪದ, ಅದರ ಅರ್ಥ, ಹಾಡಿದವರ ಪರಿಚಯ. ವಿಳಾಸವನ್ನು ಇಷ್ಟು ಪ್ರೀತಿಯಿಂದ ಬರೆದಿಟ್ಟ ಇನ್ನೊಂದು ಜಾಗ ನಾನು ನೋಡಿಲ್ಲ. ವಚನ, ತತ್ವಪದ ಕೇಳಿ ಬೆಳೆದವರಿಗೆ ಅಲ್ಲಿ ಪರಕೀಯ ಅನ್ನಿಸುವುದೇ ಇಲ್ಲ.

ಎದುರು ಕೂತು ಕೇಳುವುದು

ಪರದೆಯಿಲ್ಲದ ದಾರಿಯನ್ನೂ ಸೇರಿಸಬೇಕು, ಮುಂಬೈ-ಪುಣೆಯಲ್ಲಿ ಇರುವವರಿಗೆ ಅದು ಭಾಗ್ಯದಂತೆ ಒದಗಿದೆ. ಭೀಮಸೇನ ಜೋಶಿಯವರು ತಮ್ಮ ಗುರುವಿನ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಶುರುಮಾಡಿದ ಸವಾಯಿ ಗಂಧರ್ವ ಮಹೋತ್ಸವ ಪ್ರತಿ ಡಿಸೆಂಬರ್‌ನಲ್ಲಿ ನಡೆಯುತ್ತದೆ. ಕುರ್ಚಿಗೆ ಬೆಲೆ ಹೆಚ್ಚು, ನೆಲದ ಮೇಲಿನ ಭಾರತೀಯ ಬೈಠಕ್‌ಗೆ ಕಡಿಮೆ. ಹೆಸರಾದವರ ನಡುವೆ ಹೊಸ ಗಾಯಕ, ವಾದಕರನ್ನೂ ಕೂಡಿಸುತ್ತಾರೆ, ನಾನು ಕಾದು ಕೇಳುವುದು ಅವರನ್ನು. ಮುಂಬೈಯಲ್ಲಿ ಫೆಬ್ರುವರಿಯ ಕಾಲಾ ಘೋಡಾ ಉತ್ಸವ ಉಚಿತ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘದ ಕಾರ್ಯಕ್ರಮಗಳ ಮೇಲೂ ಕಣ್ಣಿಡಿ. ಖರ್ಚು ಎಂದರೆ ಹೆಚ್ಚಾಗಿ ಸಮಯದ್ದು, ಕೊನೆಯ ಲೋಕಲ್ ಹಿಡಿಯುವ ಗಡಿಬಿಡಿಯದ್ದು. ಆದರೆ ಹಾಡಿದವರನ್ನು ಆಮೇಲೆ ಮಾತಾಡಿಸಬಹುದು. ಎಷ್ಟೋ ಸಲ ಅವರೇ ತಮ್ಮ ಗುರುವಿನ, ಜತೆಗಾರರ ಹೆಸರು ಹೇಳಿ ಮುಂದಿನ ಹತ್ತು ಹಾಡಿಗೆ ದಾರಿ ಹಾಕಿಕೊಡುತ್ತಾರೆ.

ಹಾಗಾದರೆ ಯಾರಿಗೆ ಯಾವುದು

ಅವ್ವನಿಗೆ ನ್ಯೂಸ್ ಆನ್ ಏರ್ ಹಾಕಿ, ಧಾರವಾಡ ಮತ್ತು ರಾಗಂ ಎರಡನ್ನೇ ಮೆಚ್ಚಿನ ಪಟ್ಟಿಯಲ್ಲಿ ಇಟ್ಟುಕೊಟ್ಟೆ. ಒಂದು ಬ್ಲೂಟೂತ್ ಸ್ಪೀಕರ್ ಕೊಂಡುಕೊಟ್ಟೆ, ಅದಷ್ಟೇ ಖರ್ಚು. ಹಿರಿಯರಿಗೆ ಆಯ್ಕೆ ಹೆಚ್ಚು ಕೊಡಬೇಡಿ.

ಶೆಟ್ಟರಿಗೆ ಮೊದಲು ಇನ್ನೊಂದು ಮಾತು ಹೇಳಬೇಕಾಯಿತು. ಹೋಟೆಲಿನಲ್ಲಿ ಗಿರಾಕಿಗಳಿಗೆ ಕೇಳುವಂತೆ ಹಾಡು ಹಾಕಿದರೆ ಅದು ಸಾರ್ವಜನಿಕ ಪ್ರಸಾರ, ಹಾಡಿನ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್, ಪಿಪಿಎಲ್‌ನಂಥ ಸಂಸ್ಥೆಗಳ ಪರವಾನಗಿ ಬೇಕಾಗುತ್ತದೆ. ಸ್ವಂತಕ್ಕೆಂದು ಕೊಂಡ ಆ್ಯಪ್ ಚಂದಾ ಅಂಗಡಿಗೆ ಸಲ್ಲದು. "ಓ, ಹಾಗುಂಟಾ!" ಎಂದು ಅವರು ತಮ್ಮ ಲೆಕ್ಕಪತ್ರದವರಿಗೆ ಆಗಲೇ ಫೋನ್ ಮಾಡಿದರು. ಪರವಾನಗಿ ಇದ್ದವರಿಗೆ ಬೆಳಗಿನ ಹೊತ್ತಿಗೆ ವಾದ್ಯ ಸಂಗೀತವೇ ಒಳ್ಳೆಯದು: ಸಂತೂರ್, ಕೊಳಲು, ಸ್ಯಾಕ್ಸೋಫೋನ್. ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ಎಂದರೆ ಶೆಟ್ಟರ ಊರಿನ ಕಡೆಯದೇ.

ವಿದ್ಯಾರ್ಥಿಗಳಿಗೆ, ಪಿಜಿಯಲ್ಲಿ ಇರುವವರಿಗೆ, ಕೈಯಲ್ಲಿ ಕಾಸಿಲ್ಲದಿದ್ದರೆ ಯೂಟ್ಯೂಬ್ ಮತ್ತು ರೇಡಿಯೊ ಗಾರ್ಡನ್ ಸಾಕು. ರಾತ್ರಿ ಹುಡುಕಿ, ಹಗಲು ಕೇಳಿ. ದಿನವಿಡೀ ದುಡಿದು ಹುಡುಕಲು ಬಲವೇ ಇಲ್ಲದವರು ಆ್ಯಪ್ ಚಂದಾವನ್ನೇ ಇಟ್ಟುಕೊಳ್ಳಿ, ತಿಂಗಳಿಗೊಮ್ಮೆ ಮಾತ್ರ ಅದರ ಪಟ್ಟಿ ಬಿಟ್ಟು ಹೊರಗಿನ ಒಂದು ಆಲ್ಬಂ ಪೂರ್ತಿ ಕೇಳಿ. ಅದರಿಂದ ಮುಂದಿನ ಸೋಮವಾರಗಳ ಪಟ್ಟಿಯೂ ಬದಲಾಗುತ್ತದೆ. ನಾನು? ಚಂದಾ ನಿಲ್ಲಿಸಿ, ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಎರಡು ತಿಂಗಳಿಗೊಂದು ಆಲ್ಬಂ ಬ್ಯಾಂಡ್‌ಕ್ಯಾಂಪಿನಲ್ಲಿ ಕೊಳ್ಳುತ್ತೇನೆ. ಉಳಿದ ದಿನ ರೇಡಿಯೊ.

ಅಕ್ಕನ ಮಗನಿಗೆ ಡಿಸೆಂಬರ್‌ನ ಸವಾಯಿ ಗಂಧರ್ವ ಮಹೋತ್ಸವಕ್ಕೆ ಬೈಠಕ್ ಟಿಕೆಟ್ ತೆಗೆಸಿಕೊಡುತ್ತೇನೆಂದೆ. ಅಲ್ಲಿಯವರೆಗೆ ವಾರಕ್ಕೊಂದು ಹಾಡು, ಆರ್ಕೈವಿನಿಂದ, ವಿಳಾಸ ಬರೆದು ಕಳಿಸುತ್ತೇನೆಂದು ಮಾತು ಕೊಟ್ಟೆ. ಮೊದಲ ವಾರ ಗೌಹರ್ ಜಾನ್. 1902ರಲ್ಲಿ ಕೊಲ್ಕತ್ತದಲ್ಲಿ ಧ್ವನಿಮುದ್ರಣ ಶುರುವಾದಾಗ ಗ್ರಾಮಫೋನ್ ಕಂಪನಿಗೆ ಹಾಡಿದವರು. ಪ್ಲೇಟು ತಯಾರಾಗುತ್ತಿದ್ದದ್ದು ದೂರದ ಜರ್ಮನಿಯ ಹ್ಯಾನೋವರ್‌ನಲ್ಲಿ. ಇದು ಯಾರ ದನಿ ಎಂದು ಅಲ್ಲಿನವರಿಗೆ ತಿಳಿಯಲಿ ಎಂದು ಹಾಡಿನ ಕೊನೆಯಲ್ಲಿ ಗಾಯಕಿಯೇ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳುತ್ತಾರೆ. ಇಷ್ಟನ್ನು ಬರೆದು, "ಮೂರನೇ ನಿಮಿಷದ ಹೊತ್ತಿಗೆ ಕಿವಿಗೊಡು. ತೀರಿಕೊಂಡದ್ದು 1930ರಲ್ಲಿ, ಮೈಸೂರಿನಾಗ" ಎಂದು ಕೆಳಗೆ ಸೇರಿಸಿದೆ.

ರಾತ್ರಿ ಹನ್ನೊಂದಕ್ಕೆ ಅವನ ಉತ್ತರ ಬಂತು. "ಮಾವಶಿ, ಹೆಸರು ಕೇಳಿಸ್ತು. ಮೈಸೂರಿಗೆ ಯಾಕ ಬಂದಿದ್ರು ಅವರು?"